ಕರಾವಳಿಗೆ ಹೋಗುವ ಬಯಲುಸೀಮೆಯವರೇ, ಒಂದು ಅಳಿವೆ ಹಿಡಿದು ನೋಡಿ: ಹೊನ್ನಾವರ, ಕುಮಟಾ, ಗೋಕರ್ಣ

ಶಿರಾ ಸೀಮೆ:

ಎಲ್ಲರಿಗೂ ನಮಸ್ಕಾರ. ಕಾರ್ತಿಕ ಮುಗಿಯುತ್ತಿದ್ದಂತೆ ನಮ್ಮ ಕಡೆ ಕರಾವಳಿ ಟ್ರಿಪ್ ಶುರುವಾಗುತ್ತದೆ. ಟೆಂಪೋ ಟ್ರಾವೆಲರ್ ಮಾಡಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ಬರುವಾಗ ಜೋಗ. ಮೂರೇ ದಿನ. ದೇವರ ದರ್ಶನ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅರ್ಧ ಹೊತ್ತು ಗಾಡಿಯಲ್ಲೇ ಕಳೆಯುತ್ತದೆ. ಕಡಲು ಅಂದರೆ ಮುರುಡೇಶ್ವರದಲ್ಲಿ ಒಂದಷ್ಟು ಹೊತ್ತು ನೀರಿಗಿಳಿದು, ಫೋಟೋ ತೆಗೆದು, ಒದ್ದೆ ಬಟ್ಟೆಯಲ್ಲೇ ಗಾಡಿ ಹತ್ತುವುದು ಅಷ್ಟೇ ಆಗಿಬಿಟ್ಟಿದೆ. ಕರಾವಳಿಯ ಜನ ಹೇಗೆ ಬದುಕುತ್ತಾರೆ, ಆ ನೀರು ಏನು ಕೊಡುತ್ತದೆ ಅನ್ನುವುದು ನಮಗೆ ಕಾಣಿಸುವುದೇ ಇಲ್ಲ.

ಅದಕ್ಕೆ ನನ್ನ ಸಲಹೆ ಇದು. ಹೊನ್ನಾವರದಿಂದ ಗೋಕರ್ಣದವರೆಗೆ, ಸುಮಾರು 50 ಕಿ.ಮೀ. ಅಷ್ಟೇ. ಪೂರ್ತಿ ರಜೆ ಅಲ್ಲೇ ಕಳೆಯಿರಿ. ಶರಾವತಿ ಮತ್ತು ಅಘನಾಶಿನಿ, ಎರಡು ನದಿಗಳು ಕಡಲು ಸೇರುವ ಜಾಗ, ಅಂದರೆ ಅಳಿವೆ, ಅಲ್ಲಿದೆ.

ದಾರಿ ಹುಡುಕುವ ಕಷ್ಟವೂ ಇಲ್ಲ. 69ನೇ ರಾಷ್ಟ್ರೀಯ ಹೆದ್ದಾರಿ ಹೊನ್ನಾವರದಿಂದ ಹೊರಟು ಸಾಗರ, ಶಿವಮೊಗ್ಗ, ಕಡೂರು, ಬಾಣಾವರ, ಹುಳಿಯಾರು ದಾಟಿ ನಮ್ಮ ಶಿರಾಕ್ಕೆ ಬರುತ್ತದೆ. ಅಲ್ಲಿಂದ ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಮುಳಬಾಗಿಲು. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರೂ ಜಿಲ್ಲೆಗಳನ್ನು ಕಡಲಿಗೆ ಕಟ್ಟಿರುವುದು ಒಂದೇ ರಸ್ತೆ.

ಹೊನ್ನಾವರ ಈಗ ಸಣ್ಣ ಪಟ್ಟಣ. ಆದರೆ 14ನೇ ಶತಮಾನದಲ್ಲಿ ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತಾ ಅಲ್ಲಿ ಬಂದು ಉಳಿದಿದ್ದ. ಊರಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಇರುವುದನ್ನು ಬರೆದಿಟ್ಟಿದ್ದಾನೆ. ನದಿ ಹಿಡಿದು ಒಳಕ್ಕೆ ಹೋದರೆ ಗೇರುಸೊಪ್ಪೆ. ಚೆನ್ನಭೈರಾದೇವಿ 1552ರಿಂದ 1606ರವರೆಗೆ ಆಳಿದ ಸೀಮೆ. ಮಲೆನಾಡಿನ ಕಾಳುಮೆಣಸು ಅವಳ ಕೈದಾಟಿಯೇ ಹಡಗು ಹತ್ತಬೇಕಿತ್ತು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಅಂತಲೇ ಕರೆದರು. ಕಾಡಿನ ನಡುವೆ ಚತುರ್ಮುಖ ಬಸದಿ ಇನ್ನೂ ನಿಂತಿದೆ. ನಾಲ್ಕು ದಿಕ್ಕಿಗೂ ಬಾಗಿಲು. ಅಲ್ಲಿಗೆ ಹೋದಾಗ ಗಲಾಟೆ ಮಾಡದೆ ಸ್ವಲ್ಪ ಹೊತ್ತು ಕೂತು ಬನ್ನಿ.

ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಅಘನಾಶಿನಿ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ. ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶ, ಅನ್ನುವ ಮಾನ್ಯತೆ ಸಿಕ್ಕಿದೆ. ನೀರು ಇಳಿತ ಆದಾಗ ಅಲ್ಲಿರಬೇಕು. ಹೆಂಗಸರು ಬುಟ್ಟಿ ಹಿಡಿದು ಸೊಂಟದ ಮಟ್ಟ ನೀರಿಗೆ ಇಳಿಯುತ್ತಾರೆ. ಕಣ್ಣಿಂದ ಹುಡುಕುವುದಲ್ಲ, ಪಾದದಿಂದ ಕೆಸರು ತಡವುತ್ತಾರೆ. ಚಿಪ್ಪಿ ಕಾಲಿಗೆ ತಾಗಿದ ಕೂಡಲೇ ಬಗ್ಗಿ ಎತ್ತಿ, ನೀರಲ್ಲಿ ಒಮ್ಮೆ ಅಲುಗಿಸಿ ಬುಟ್ಟಿಗೆ. ಸಣ್ಣದಾದರೆ ವಾಪಸ್ ನೀರಿಗೆ. ನೀರು ಏರುವ ಮೊದಲು ಮುಗಿಸಬೇಕು. ಗಡಿಯಾರ ಯಾರ ಕೈಯಲ್ಲೂ ಇರಲಿಲ್ಲ, ಆದರೆ ಎಲ್ಲರೂ ಒಟ್ಟಿಗೇ ಮೇಲೆ ಬಂದರು.

ಪಕ್ಕದಲ್ಲೇ ಗಜನಿ ಗದ್ದೆಗಳಿವೆ. ಉಪ್ಪುನೀರು ನುಗ್ಗುವ ಭೂಮಿ. ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುತ್ತದೆ, ನೆರೆಯಲ್ಲಿ ಮುಳುಗಿದರೂ ಏಳುತ್ತದೆ, ಗೊಬ್ಬರ ಕೇಳುವುದಿಲ್ಲ. ಭತ್ತ ಕೊಯ್ದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಬರಗಾಲದ ರಾಗಿ ಕಂಡಿರುವ ನಮ್ಮಂಥವರು ಈ ಕಗ್ಗ ನೋಡಲೇಬೇಕು. ಆ ಕಟ್ಟೆಗಳನ್ನು ಊರವರೇ ಕಾಯಬೇಕು, ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಯುವಕರು ಊರು ಬಿಡುತ್ತಿರುವುದರಿಂದ ಬಿತ್ತುವವರು ಕಡಿಮೆಯಾಗುತ್ತಿದ್ದಾರೆ. ಇದು ನನಗೆ ನಿಜಕ್ಕೂ ನೋವು ಕೊಟ್ಟ ವಿಷಯ.

ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಸಾಣಿಕಟ್ಟಾ ಸಿಗುತ್ತದೆ. ಉಪ್ಪಿನ ಆಗರ. ಜನವರಿ ಮೇಲೆ ಹೋದರೆ ಕೆಲಸ ನಡೆಯುತ್ತಿರುತ್ತದೆ. ಉಬ್ಬರದ ನೀರನ್ನು ಕಾಲುವೆಯಲ್ಲಿ ಒಳಗೆ ತಂದು, ಮಡಿಯಿಂದ ಮಡಿಗೆ ಬಿಟ್ಟು, ಬಿಸಿಲಲ್ಲಿ ಗಟ್ಟಿ ಮಾಡಿ, ಮರದ ಹಲಗೆಯಿಂದ ಎಳೆದು ಗುಡ್ಡೆ ಹಾಕುತ್ತಾರೆ. ಓಂ ಬೀಚಿಗೆ ಓಡುವ ಗಾಡಿಗಳು ಅಲ್ಲಿ ನಿಲ್ಲುವುದೇ ಇಲ್ಲ.

ಹೋಗಿ ಬಂದವರು ನಿಮ್ಮ ಅನುಭವ ಬರೆಯಿರಿ.

ಚಿಂತಾಮಣಿ ಸಂತೆ:

ಅಣ್ಣ, ಚೆನ್ನಾಗಿ ಬರೆದಿದ್ದೀರ. ನಮ್ಮ ಮನೆಯಲ್ಲಿ ಸಂಕ್ರಾಂತಿ ಆದ ಮೇಲೆ ಹೊರಡುವ ಯೋಚನೆ ಇದೆ. ಅಪ್ಪ ಅಮ್ಮನಿಗೆ ಮಂಡಿ ನೋವು, ಜಾಸ್ತಿ ಹತ್ತಿ ಇಳಿಯಲು ಆಗಲ್ಲ. ಅಮ್ಮ ಮೀನು ಮುಟ್ಟಲ್ಲ. ಇಬ್ಬರು ಮಕ್ಕಳಿಗೆ ಕಡಲು ಬೇಕೇ ಬೇಕು. ಈ ಉಪ್ಪಿನ ಆಗರ, ಬಸದಿ ಎಲ್ಲ ಅವರಿಗೆ ಬೇಜಾರಾಗಲ್ವಾ? ಊಟಕ್ಕೆ ಏನು ಮಾಡುವುದು?

ಕುಂದಾಪ್ರ ಅಕ್ಕ (ಈಗ ತುಮಕೂರು):

ಚಿಂತಾಮಣಿ ತಮ್ಮ, ಊಟದ ಚಿಂತೆ ಬಿಡಿ. ಅಮ್ಮನಿಗೆ ಕರಾವಳಿಯ ಸಸ್ಯಾಹಾರದಷ್ಟು ಒಳ್ಳೆಯದು ಇನ್ನೊಂದಿಲ್ಲ. ಕುಮಟಾ, ಹೊನ್ನಾವರ ಕಡೆ ಅಪ್ಪೆಹುಳಿ ಕೇಳಿ. ಮಾವಿನಕಾಯಿ ಬೇಯಿಸಿ ಹಿಂಡಿ, ಒಗ್ಗರಣೆ ಕೊಟ್ಟ ತೆಳ್ಳನೆ ಸಾರು. ಲೋಟದಲ್ಲಿ ಕುಡಿಯುತ್ತಾರೆ. ತಂಬುಳಿಯಂತೂ ಒಂದೆಲಗ, ದಾಳಿಂಬೆ ಸಿಪ್ಪೆ, ಜೀರಿಗೆ, ಯಾವುದರಲ್ಲೂ ಮಾಡುತ್ತಾರೆ. ಕೊಚ್ಚಕ್ಕಿ ಗಂಜಿ, ಮೇಲೆ ಒಂಚೂರು ತುಪ್ಪ, ಬದಿಗೆ ಮಿಡಿ ಉಪ್ಪಿನಕಾಯಿ. ಮುದ್ದೆ ಉಂಡವರಿಗೆ ಮೊದಲ ದಿನ ಹೊಟ್ಟೆ ತುಂಬಿದ ಹಾಗೆ ಅನಿಸುವುದಿಲ್ಲ. ಎರಡನೇ ದಿನ ತಾವೇ ಕೇಳಿ ಹಾಕಿಸಿಕೊಳ್ಳುತ್ತಾರೆ.

ಮೀನು ತಿನ್ನುವವರು ಒಂದು ವಿಷಯ ತಿಳಿದಿರಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ. ಆಗ ಹೋಗಿ 'ದೊಡ್ಡ ಅಂಜಲ್ ಇಲ್ವಾ' ಅಂತ ಹೋಟೆಲಿನವರ ಮೇಲೆ ರೇಗಬೇಡಿ. ಚಳಿಗಾಲದಲ್ಲಿ ಬಂಗಡೆ, ಕಾಣೆ ಎಲ್ಲ ತಾಜಾ ಸಿಗುತ್ತದೆ. ಬೆಳಿಗ್ಗೆ ಬಂದರಿಗೆ ಹೋಗಿ. ಹೆಂಗಸರು ಬುಟ್ಟಿ ಮುಂದಿಟ್ಟು ಕೂಗುವ ರೇಟು, ಕೈಬೆರಳಲ್ಲೇ ನಡೆಯುವ ಚೌಕಾಸಿ, ಅದನ್ನು ಮಕ್ಕಳಿಗೆ ತೋರಿಸಿ.

ನಾನು ಈ ಊರಿಗೆ ಮದುವೆಯಾಗಿ ಬಂದಾಗ ನನಗೆ ಆಶ್ಚರ್ಯ ಆದದ್ದು ತೆಂಗು. ಎರಡೂ ಕಡೆ ತೆಂಗೇ. ಆದರೆ ತಿಪಟೂರು ಕಡೆ ಕಾಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ನೀರೆಲ್ಲ ಇಂಗಿದ ಮೇಲೆ ಉಂಡೆ ಕೊಬ್ಬರಿ ತೆಗೆಯುತ್ತಾರೆ. ನಮ್ಮ ಕಡೆ ಬೆಳಿಗ್ಗೆ ಒಡೆದ ಕಾಯಿ ಮಧ್ಯಾಹ್ನದ ಮಸಾಲೆಗೆ ಅರೆದು ಮುಗಿಯಬೇಕು. ನಮ್ಮ ಮಳೆಗೆ, ಆ ಹಸಿ ಗಾಳಿಗೆ ಕಾಯಿ ಇಟ್ಟರೆ ಬೂಸಲು. ಇಲ್ಲಿಯ ಒಣ ಗಾಳಿಗೆ ಕೊಬ್ಬರಿ ಆಗುತ್ತದೆ. ಅಡುಗೆ ಬೇರೆಯಾಗಿರುವುದು ಹವೆಯಿಂದಲೇ.

ಮಕ್ಕಳಿಗೆ ಕಾಸರಕೋಡಿನ ಇಕೋ ಬೀಚ್ ಒಳ್ಳೆಯದು, ಹೊನ್ನಾವರದ ಪಕ್ಕದಲ್ಲೇ. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಬೀಚ್. ಅಪ್ಪ ಅಮ್ಮನಿಗೆ ಅಲ್ಲೇ ಶರಾವತಿ ಹಿನ್ನೀರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿ. ಕೂತಲ್ಲೇ ಎಲ್ಲ ಕಾಣುತ್ತದೆ. ಮಂಡಿಗೆ ಕೆಲಸವೇ ಇಲ್ಲ. ಲೈಫ್ ಜಾಕೆಟ್ ಕೊಡದ ದೋಣಿ ಮಾತ್ರ ಹತ್ತಬೇಡಿ.

ಕಲ್ಪತರು ಮೇಷ್ಟ್ರು (ತಿಪಟೂರು):

ಎಲ್ಲರೂ ಹಗಲಿನ ಮಾತು ಹೇಳಿದ್ದೀರಿ. ಕರಾವಳಿಯಲ್ಲಿ ರಾತ್ರಿ ಬಹಳ ಮುಖ್ಯ. ಅಲ್ಲಿಗೆ ಹೋಗಿ ಒಂದು ಆಟ, ಅಂದರೆ ಯಕ್ಷಗಾನ, ನೋಡದೆ ಬರುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮ ಜಿಲ್ಲೆಯಲ್ಲಿ ಮೂಡಲಪಾಯ ಯಕ್ಷಗಾನ ಇದೆ. ಕೋಲಾರದ ಕಡೆ ಕೇಳಿಕೆ ಅನ್ನುವ ಬಯಲಾಟ. ಸುಗ್ಗಿ ಮುಗಿದ ಮೇಲೆ ಊರಿನ ರೈತರೇ ಬಣ್ಣ ಹಚ್ಚಿ ಕುಣಿಯುತ್ತಾರೆ. ಹಿಮ್ಮೇಳದಲ್ಲಿ ಮುಖವೀಣೆ ಕೇಳಿದರೆ ಅದು ನಮ್ಮದು ಅಂತ ಗೊತ್ತಾಗುತ್ತದೆ. ಕರಾವಳಿಯಲ್ಲಿ ಚಂಡೆ. ತೆಂಕುತಿಟ್ಟು, ಬಡಗುತಿಟ್ಟು ಅಂತ ಎರಡು ಶೈಲಿ. ಅಲ್ಲಿ ಮೇಳಗಳು, ಅಂದರೆ ಆಟದ ತಂಡಗಳು, ದೀಪಾವಳಿ ಆದ ಮೇಲೆ ಹೊರಟು ಮೇ ತಿಂಗಳವರೆಗೆ ತಿರುಗುತ್ತಲೇ ಇರುತ್ತವೆ. ದಿನಕ್ಕೊಂದು ಊರು. ಎಷ್ಟೋ ಕಡೆ ಹರಕೆ ಆಟ. ಖರ್ಚು ಹರಕೆ ಹೊತ್ತವರದು, ನೋಡುವವರಿಗೆ ಟಿಕೆಟ್ ಇಲ್ಲ. ಮಂದಾರ್ತಿ ಮೇಳದ ಆಟಕ್ಕೆ ಜನ ವರ್ಷಗಟ್ಟಲೆ ಸರದಿ ಕಾಯುತ್ತಾರೆ.

ಒಂದು ಸಂಗತಿ ಗಮನಿಸಿ. ಭಾಗವತರು ಹಾಡುವ ಪದ್ಯ ಬರೆದಿಟ್ಟದ್ದು. ಆದರೆ ಅದಕ್ಕೆ ವೇಷಧಾರಿ ಹೇಳುವ ಅರ್ಥ ಆ ಕ್ಷಣದಲ್ಲಿ ಹುಟ್ಟಿದ್ದು. ಎದುರಿನ ಪಾತ್ರ ಕೇಳಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ನಾನು ನೋಡಿದ ಒಂದು ಆಟದಲ್ಲಿ ಸುಧನ್ವ, ಅರ್ಜುನರ ಮಾತು ಒಂದು ಗಂಟೆ ದಾಟಿತು. ನನ್ನ ಪಕ್ಕ ಕೂತ ಮುದುಕರೊಬ್ಬರು ಪ್ರತಿ ಉತ್ತರಕ್ಕೂ ತಲೆದೂಗುತ್ತಿದ್ದರು. ಶುದ್ಧ ಕನ್ನಡ, ಒಂದು ಇಂಗ್ಲಿಷ್ ಶಬ್ದ ಬರಲಿಲ್ಲ. ಓದು ಬರಹ ಕಡಿಮೆ ಇದ್ದ ಕಲಾವಿದರೂ ಹಾಗೆ ಮಾತಾಡುತ್ತಾರೆ. ನಲವತ್ತು ನಿಮಿಷದ ಪಾಠಕ್ಕೆ ಮಕ್ಕಳನ್ನು ಕೂರಿಸಲು ಒದ್ದಾಡಿದ ನನ್ನಂಥವನಿಗೆ ಅದು ದೊಡ್ಡದಾಗಿ ಕಂಡಿತು.

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಕೆರೆಮನೆಯವರ ಇಡಗುಂಜಿ ಮೇಳ ಇದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ್ದು. ಅವರ ಮಗ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯ ರಂಗದ ಮೇಲೆ ವೇಷ ಹಾಕಿದ ರಾತ್ರಿಯೇ ತೀರಿಕೊಂಡರು. ಈ ಮನೆತನದ ಬಗ್ಗೆ ತಿಳಿದುಕೊಂಡು ಹೋಗಿ.

ಇನ್ನು ಭೂತಕೋಲ. 'ಕಾಂತಾರ' ಸಿನಿಮಾ ಬಂದ ಮೇಲೆ ಎಲ್ಲರಿಗೂ ಅದನ್ನು ನೋಡುವ ಆಸೆ. ಅದು ಪ್ರದರ್ಶನ ಅಲ್ಲ, ಪೂಜೆ. ದಕ್ಷಿಣ ಕನ್ನಡ, ಉಡುಪಿ ಕಡೆ ಪರಿಚಯದವರು ಕರೆದರೆ ಹೋಗಿ. ಚಪ್ಪಲಿ ಬಿಟ್ಟು, ಫೋನ್ ಜೇಬಲ್ಲಿಟ್ಟು, ಹಿಂದೆ ನಿಲ್ಲಿ. ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ಕೋಲ, ಆಟ ಎಲ್ಲ ನಿಲ್ಲುತ್ತದೆ. ಆಮೇಲೆ ಮಳೆ, ಗದ್ದೆ ಕೆಲಸ.

ಕೋಲಾರದ ಕಲ್ಲು:

ಶಿರಾ ಸೀಮೆಯವರಿಗೆ ನನ್ನ ತಕರಾರು ಒಂದಿದೆ. ಉತ್ತರ ಕನ್ನಡ ಸರಿ. ಆದರೆ ಮಂಗಳೂರನ್ನು ಬಿಟ್ಟರೆ ನಮ್ಮ ಕಥೆಯೇ ಅರ್ಧ ಆಗುತ್ತದೆ.

ಹೈದರಾಲಿ ಹುಟ್ಟಿದ್ದು ನಮ್ಮ ಬಂಗಾರಪೇಟೆ ತಾಲೂಕಿನ ಬೂದಿಕೋಟೆಯಲ್ಲಿ. 1761ರಲ್ಲಿ ಶಿರಾದ ನವಾಬಗಿರಿ ಸಿಕ್ಕಿತು. 1763ರಲ್ಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಗೆದ್ದ. ಬಿದನೂರಿನ ಜೊತೆ ಮಂಗಳೂರು ಬಂದರು ಕೈಗೆ ಬಂತು. ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಕಡಲು ಯಾಕೆ ಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಕುದುರೆ, ಮದ್ದು, ವ್ಯಾಪಾರ ಎಲ್ಲ ಅಲ್ಲಿಂದಲೇ ಬರಬೇಕು. ಅವನ ಮಗ ಟಿಪ್ಪು ಇಂಗ್ಲಿಷರ ಜೊತೆ 1784ರ ಒಪ್ಪಂದ ಮಾಡಿಕೊಂಡದ್ದೂ ಮಂಗಳೂರಲ್ಲೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ನಾವು ಮೈಸೂರಲ್ಲಿ ಉಳಿದೆವು. 1862ರಲ್ಲಿ ಕರಾವಳಿಯನ್ನೇ ಎರಡು ಮಾಡಿ ಉತ್ತರದ ಭಾಗ ಬೊಂಬಾಯಿಗೆ, ದಕ್ಷಿಣದ್ದು ಮದರಾಸಿಗೆ. ಮತ್ತೆ ಎಲ್ಲರೂ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಅಷ್ಟು ವರ್ಷ ಮೂರು ಆಡಳಿತದಲ್ಲಿ ಇದ್ದವರು ನಾವು. ಅದಕ್ಕೇ ಒಬ್ಬರ ಊರು ಇನ್ನೊಬ್ಬರಿಗೆ ಅಷ್ಟು ಹೊಸದು.

ನಿಮ್ಮ ಹಳೆ ಮನೆಯ ಹೆಂಚು ಒಂದನ್ನು ತೆಗೆದು ತಿರುಗಿಸಿ ನೋಡಿ. ನಮ್ಮ ತಾತನ ಮನೆಯ ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಕೆಳಗೆ ಮಂಗಳೂರು ಅಂತ ಇಂಗ್ಲಿಷಲ್ಲಿ ಅಚ್ಚೊತ್ತಿದೆ. ಅಂಚಿನಲ್ಲಿ ಎರಡು ಸಣ್ಣ ಮೂಗು, ರೀಪಿಗೆ ಸಿಕ್ಕಿಸಲು. ಗಾರೆ ಬೇಡ, ಮೊಳೆ ಬೇಡ, ಒಂದರ ಮೇಲೊಂದು ಕೂತುಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಮೊದಲ ಹೆಂಚಿನ ಕಾರ್ಖಾನೆ ಮಾಡಿದ್ದು ಮಂಗಳೂರಲ್ಲಿ, ನದಿ ತೀರದ ಜೇಡಿಮಣ್ಣಿನಿಂದ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದೂ ಅದೇ ಮಿಷನ್ನಿನ ಮೋಗ್ಲಿಂಗ್ ಅವರಿಂದ, 1843ರಲ್ಲಿ.

ಕದ್ರಿ ದೇವಸ್ಥಾನದ ಲೋಕೇಶ್ವರ ಕಂಚಿನ ವಿಗ್ರಹ ಕ್ರಿ.ಶ. 968ರದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಇವನ್ನು ಬಿಡಲು ಮನಸ್ಸು ಹೇಗೆ ಬರುತ್ತದೆ?

ಶಿರಾ ಸೀಮೆ:

ಬಿಡಿ ಅಂತ ಅಲ್ಲ ಸರ್. ಒಂದೇ ಸಲಕ್ಕೆ ಬೇಡ ಅಂತ ಅಷ್ಟೇ. ಮಂಗಳೂರು, ಮೂಡುಬಿದಿರೆ, ಕಾರ್ಕಳಕ್ಕೆ ಇನ್ನೊಂದು ಸಲ ಹೋಗಿ. ತುಮಕೂರಿನಿಂದ ತಿಪಟೂರು, ಅರಸೀಕೆರೆ, ಬೇಲೂರು, ಚಾರ್ಮಾಡಿ ಮೇಲೆ 73ನೇ ಹೆದ್ದಾರಿ ನೇರ ಇದೆ. ಎರಡನ್ನೂ ಸೇರಿಸಿದರೆ ಮತ್ತೆ ಅದೇ ಓಟ. ಹೆಂಚಿನ ವಿಷಯ ಬರೆದದ್ದಕ್ಕೆ ಧನ್ಯವಾದ.

ಗುಡಿಬಂಡೆ ಕೆರೆ:

ಕರಾವಳಿ ಅಂದಾಗ ನಮ್ಮ ಮೂರು ಜಿಲ್ಲೆಯವರು ಇನ್ನೊಂದು ಮಾತು ಎತ್ತಲೇಬೇಕು. ಎತ್ತಿನಹೊಳೆ. ಸಕಲೇಶಪುರದ ಕಡೆಯ ಹಳ್ಳಗಳಿಂದ 24.01 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿಗೆಲ್ಲ ಕುಡಿಯಲು ಕೊಡುವ ಯೋಜನೆ. 2024ರ ಸೆಪ್ಟೆಂಬರ್ 6ಕ್ಕೆ ಮೊದಲ ಹಂತ ಚಾಲೂ ಆಯಿತು. ಸಾವಿರ ಅಡಿ ಕೊರೆದರೂ ನೀರಿಲ್ಲ, ಬಂದರೂ ಫ್ಲೋರೈಡ್. ಆ ನೀರು ಕುಡಿದು ಹಲ್ಲು ಕಂದಾದ ಮಕ್ಕಳು ನಮ್ಮೂರಲ್ಲೇ ಇದ್ದಾರೆ. ನಮ್ಮ ಕಷ್ಟ ಕರಾವಳಿಯವರಿಗೆ ಗೊತ್ತಾಗಬೇಕು. ಅಷ್ಟೊಂದು ಮಳೆ ಸುಮ್ನೆ ಕಡಲಿಗೆ ಹೋಗುತ್ತದೆ, ಅದರಲ್ಲಿ ಸ್ವಲ್ಪ ಕೊಟ್ಟರೆ ಏನು ಅಂತ ನಮಗೆ ಅನಿಸುವುದು ಸಹಜ ಅಲ್ವಾ?

ಉಪ್ಪಿನಂಗಡಿಯವ (ಕೆಲಸ ತುಮಕೂರು):

ಗುಡಿಬಂಡೆಯವರೇ, ನಿಮ್ಮ ಕಷ್ಟ ನಾನು ಇಲ್ಲಿ ಬಂದ ಮೇಲೆ ಕಣ್ಣಾರೆ ನೋಡಿದ್ದೇನೆ. ಟ್ಯಾಂಕರ್‌ಗೆ ಕೊಡ ಸಾಲಿಡುವುದು ನನ್ನೂರಿನವರಿಗೆ ಕಲ್ಪನೆಗೂ ಬರುವುದಿಲ್ಲ. ನಿಮಗೆ ನೀರು ಬೇಡ ಅನ್ನುವವ ನಾನಲ್ಲ.

ಆದರೆ ಸುಮ್ನೆ ಕಡಲಿಗೆ ಹೋಗುತ್ತದೆ ಅನ್ನುವ ಮಾತು ಒಪ್ಪಲಾರೆ. ಆ ಹಳ್ಳಗಳೆಲ್ಲ ಕುಮಾರಧಾರೆಗೆ ಸೇರಿ, ನಮ್ಮ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತವೆ. ಮಂಗಳೂರು ಕುಡಿಯುವುದು ತುಂಬೆ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿ ನೀರನ್ನೇ. 2019ರ ಬೇಸಿಗೆಯಲ್ಲಿ ಅಲ್ಲಿ ನೀರು ತಳ ಕಂಡು, ಮಂಗಳೂರಿಗೆ ಸರದಿ ಪ್ರಕಾರ ನೀರು ಬಿಟ್ಟರು. ಅಷ್ಟು ಮಳೆ ಬೀಳುವ ಊರಲ್ಲೂ! ಮಳೆ ನಾಲ್ಕು ತಿಂಗಳು ಬಂದು ಹೋಗುತ್ತದೆ. ಉಳಿದ ಎಂಟು ತಿಂಗಳು ಹೊಳೆ ಹರಿಯುವುದು ಘಟ್ಟದ ಕಾಡು ಹಿಡಿದಿಟ್ಟ ನೀರಿನಿಂದ.

ಮತ್ತೆ, ಶಿರಾ ಸೀಮೆಯವರು ಬರೆದ ಚಿಪ್ಪಿ, ಸಿಗಡಿ, ಕಗ್ಗ ಎಲ್ಲ ಇರುವುದು ಹೊಳೆಯ ಸಿಹಿನೀರು ಉಪ್ಪುನೀರಿನ ಜೊತೆ ಬೆರೆಯುವುದರಿಂದ. ಹೊಳೆ ಬರದಿದ್ದರೆ ಉಪ್ಪು ಒಳಕ್ಕೆ ಬರುತ್ತದೆ. ಬಾವಿ ಕೆಡುತ್ತದೆ. ಮೀನಿಗೂ ಹೊಳೆ ಬೇಕು. ನೀವು ಕರಾವಳಿಗೆ ಬಂದಾಗ ಏಪ್ರಿಲ್‌ನಲ್ಲಿ ಒಮ್ಮೆ ಉಪ್ಪಿನಂಗಡಿಯ ಸಂಗಮದಲ್ಲಿ ನಿಂತು ನೋಡಿ.

ಗುಡಿಬಂಡೆ ಕೆರೆ:

ಸರದಿ ನೀರಿನ ವಿಷಯ ನನಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಬಂದು ನೋಡುತ್ತೇನೆ. ನೀವೂ ಒಮ್ಮೆ ನಮ್ಮ ಕಡೆ ಬನ್ನಿ, ಒಣಗಿದ ಕೆರೆ ಏರಿ ಮೇಲೆ ನಡೆದು ಮಾತಾಡೋಣ.

ಕುಂದಾಪ್ರ ಅಕ್ಕ (ಈಗ ತುಮಕೂರು):

ಇಬ್ಬರಿಗೂ ಧನ್ಯವಾದ, ಜಗಳ ಮಾಡದೆ ಮಾತಾಡಿದ್ದಕ್ಕೆ.

ಮಳೆಗಾಲದಲ್ಲಿ ಹೊರಡುವವರಿಗೆ ಒಂದು ಮಾತು. ಮಳೆಯಲ್ಲಿ ಕರಾವಳಿ ಬಹಳ ಚಂದ, ನಿಜ. ಆದರೆ 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜನ ಸತ್ತರು. ಚಹಾ ಅಂಗಡಿ, ಲಾರಿ ಎಲ್ಲ ಗಂಗಾವಳಿ ನದಿಗೆ ಹೋಯಿತು. ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ರೆಡ್ ಅಲರ್ಟ್ ಅಂದ ದಿನ ಘಟ್ಟ ಇಳಿಯಬೇಡಿ. ರೂಮಿನ ಅಡ್ವಾನ್ಸ್ ಹೋದರೆ ಹೋಗಲಿ. ಜೂನ್‌ನಿಂದ ಸೆಪ್ಟೆಂಬರ್ ನೀರಿಗೆ ಇಳಿಯಲೇಬೇಡಿ. ಈಜು ಬರುತ್ತದೆ ಅಂತ ಕೆರೆಯ ಧೈರ್ಯ ಕಡಲಲ್ಲಿ ತೋರಿಸಬೇಡಿ. ಅಲೆ ವಾಪಸ್ ಎಳೆಯುವಾಗ ಕಾಲಡಿಯ ಮರಳೇ ಜಾರಿಹೋಗುತ್ತದೆ. ದಂಡೆಯಲ್ಲಿ ಕಾವಲಿನವರು ಸೀಟಿ ಊದಿದರೆ ಮೇಲೆ ಬನ್ನಿ, ವಾದ ಬೇಡ.

ಚಿಂತಾಮಣಿ ಸಂತೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಕಗ್ಗ ಭತ್ತ ನೋಡಲೇಬೇಕು ಅಂತ ಕೂತಿದ್ದಾರೆ. ಕಾರಲ್ಲಿ ಅಷ್ಟು ದೂರ ಅಮ್ಮನಿಗೆ ಕಷ್ಟ. ರೈಲು ಇದೆಯಾ? ಜನವರಿ ಕೊನೆಗೆ ಗದ್ದೆಯಲ್ಲಿ ಏನಾದರೂ ಕಾಣುತ್ತದಾ?

ಶಿರಾ ಸೀಮೆ:

ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ರೈಲು ಇದೆ. ಕುಣಿಗಲ್, ಹಾಸನ, ಸಕಲೇಶಪುರ ಮೇಲೆ ಹೋಗುತ್ತದೆ. ಕುಮಟಾದಲ್ಲಿ ಇಳಿದು ಅಲ್ಲಿಂದ ಆಟೋ ಅಥವಾ ಬಾಡಿಗೆ ಕಾರು ಮಾಡಿಕೊಳ್ಳಿ. ಅಮ್ಮನಿಗೆ ಕೆಳಗಿನ ಬರ್ತ್ ಬೇಕಾದರೆ ಬುಕಿಂಗ್ ತೆರೆದ ದಿನವೇ ಮಾಡಿ, ವಾರಾಂತ್ಯಕ್ಕೆ ಬೇಗ ತುಂಬುತ್ತದೆ.

ಕಗ್ಗದ ಕೊಯ್ಲು ಮಳೆಗಾಲ ಮುಗಿಯುತ್ತಿದ್ದಂತೆ ಆಗಿಹೋಗುತ್ತದೆ. ಜನವರಿಯಲ್ಲಿ ಗದ್ದೆಯಲ್ಲಿ ನೀರು, ಮೀನು, ಹಕ್ಕಿ ಇರುತ್ತವೆ. ಪೈರು ಇರುವುದಿಲ್ಲ. ಆದರೆ ಮಾಣಿಕಟ್ಟಾ ಕಡೆಯ ಮನೆಗಳಲ್ಲಿ ಅಕ್ಕಿ ಸಿಗಬಹುದು, ಕೇಳಿ ನೋಡಿ. ಕೆಂಪಕ್ಕಿ, ಗಂಜಿಗೆ ಚೆನ್ನಾಗಿರುತ್ತದೆ. ಅಪ್ಪನವರು ಅಲ್ಲಿಯ ರೈತರ ಜೊತೆ ಕೂತು ಮಾತಾಡಲಿ. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತದೆ. ಹಿಂದಿನ ದಿನ ಸಂಜೆ ಅಘನಾಶಿನಿ ಅಳಿವೆಯ ತದಡಿ ಬಂದರಿನಲ್ಲಿ ಯಾವ ಮೀನುಗಾರರನ್ನು ಕೇಳಿದರೂ ನಾಳೆ ಎಷ್ಟು ಹೊತ್ತಿಗೆ ಬರಬೇಕು ಅಂತ ಹೇಳುತ್ತಾರೆ.